ಫಿಷರ್ ಅಂದರೆ ಬಿರುಕು

ಕೊರಟಗೆರೆಯಿಂದ ಪಾವಗಡದವರೆಗೆ ನಾನು ಎಲ್ಲಿ ಧರಣಿ ಕೂತರೂ ಒಂದು ಮಾತ್ರ ತಪ್ಪುವುದಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬಂತೆಂದರೆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಹುಲಿಕುಂಟೆ ಕಡೆಯ ನಮ್ಮೂರ ಅಂಗನವಾಡಿಯ ಗೋಡೆ ಬಿರಿದಾಗಲೂ ಹಾಗೇ ಆಯಿತು.

ಕಾಯಿಲೆ

ಬಿರುಕಿನೊಳಗೆ ಅಂಗೈ ತೂರುತ್ತಿತ್ತು. ಅದರ ಬುಡದಲ್ಲೇ ಮಕ್ಕಳು ಕೂತು ಉಪ್ಪಿಟ್ಟು ತಿನ್ನುತ್ತಿದ್ದವು. ನಾವು ರಸ್ತೆ ತಡೆದ ಮೇಲೆ ಇಂಜಿನಿಯರ್ ಬಂದರು. ಗೋಡೆಯನ್ನು ಕಣ್ಣಲ್ಲೇ ಸವರಿ, “ಗಾಬರಿ ಬೇಡ. ಇದು ಕ್ರ್ಯಾಕ್ ಅಲ್ಲ, ಫಿಷರ್” ಎಂದರು.

ಮೊಮ್ಮಗಳನ್ನು ಬಿಡಲು ಬಂದಿದ್ದ ಅಜ್ಜಿ ಕೇಳಿತು: “ಫಿಷರ್ ಅಂದ್ರೆ, ಸಿರಾ ಬಸ್ ಸ್ಟ್ಯಾಂಡ್ ತಾವ ಪೈಲ್ಸ್ ಡಾಕ್ಟ್ರು ಬೋರ್ಡ್ ಹಾಕವ್ರಲ್ಲ, ಅದಾ ಸಾ?”

“ಪದ ಅದೇ ಅಜ್ಜಿ, ಆದ್ರೆ...”

“ಅಂಗಾದ್ರೆ ಗೋಡೆ ಬೀಳಾಕಿಲ್ಲ ಬುಡಿ. ನಮ್ ಯಜಮಾನ್ರಿಗೂ ಅದೇ ಆಗಿತ್ತು. ಕೂರಾಕಾಗ್ದೆ ನಿಂತೇ ಇರ್ತಿದ್ರು!”

ಪದದ ಹುಟ್ಟು

ನಾನು ಶಾಲೆ ಅರ್ಧಕ್ಕೆ ಬಿಟ್ಟವನು. ನಿಘಂಟು ತಿರುವಿ ತಿರುವಿ ಇಂಗ್ಲಿಷ್ ಕಲಿತವನು. ಅವತ್ತೂ ತೆಗೆದು ನೋಡಿದೆ. ಫಿಷರ್ ಲ್ಯಾಟಿನ್ ಮೂಲದ್ದು, ‘ಸೀಳು’ ಎಂಬ ಮಾತಿನಿಂದ ಹುಟ್ಟಿದ್ದು. ರೋಮಿನಲ್ಲಿ ಹುಟ್ಟಿ, ಫ್ರಾನ್ಸ್ ಸುತ್ತಿ, ಇಂಗ್ಲೆಂಡ್ ದಾಟಿ ನಮ್ಮೂರಿಗೆ ಬಂದರೂ ಬಿರುಕು ಬಿರುಕೇ. ಇಂಜಿನಿಯರಿಗೂ ಮೇಲಿನ ಸಾಹೇಬರ ಕಚೇರಿಗೆ ಹೋಗಿ ಇದನ್ನೇ ಹೇಳಿದೆ.

“ಗೋಡೆ ಕೇಳಕ್ಕೆ ಬಂದು ಪದದ ಜಾತಕ ಹೇಳ್ತಿದ್ದೀರಲ್ರೀ! ನಿಮಗೇನು ಕ್ರ್ಯಾಕಾ?”

“ನನ್ನ ತಲೆ ಒಡೆದು ನೋಡದೇನೇ ಕ್ರ್ಯಾಕ್ ಅಂದ್ರಿ. ಒಡೆದಿರೋ ಗೋಡೆ ನೋಡಿ ಅನ್ನಕ್ಕೇನು ಸಾರ್ ಕಷ್ಟ?”

ದುರಸ್ತಿ

ಕೊನೆಗೆ ಗುತ್ತಿಗೆದಾರ ಬಂದ. ಪಾವಗಡದಾಚೆ ಗಡಿಯವನು, ಅರ್ಧ ಕನ್ನಡ, ಅರ್ಧ ತೆಲುಗು. ಸಿಮೆಂಟ್ ತರುತ್ತಾನೆಂದು ಕಾದರೆ ಬಣ್ಣದ ಡಬ್ಬ ತಂದ. ಬಿರುಕನ್ನೇ ಕಾಂಡ ಮಾಡಿ, ಸುತ್ತ ಎಲೆ ಬಿಡಿಸಿ, ಚೆಂದದ ಮಾವಿನ ಮರ ಬರೆಸಿ ಹೋದ. ಮಳೆ ಹಿಡಿಯಿತು. ಬಿರುಕು ಎಲೆಗಳನ್ನೂ ದಾಟಿ ಸೂರು ಮುಟ್ಟಿತು. ಅವನನ್ನು ಎಳೆತಂದು ತೋರಿಸಿದೆ.

“ಎಂದುಕಣ್ಣಾ, ಯಾಕಣ್ಣಾ ಕೋಪ? ಮರ ಅಂದ್ಮೇಲೆ ಬೆಳೀದೆ ಇರ್ತದಾ?”

ತಪಾಸಣೆ

ಇನ್ನು ತಡಮಾಡಲಿಲ್ಲ. ಮಕ್ಕಳನ್ನು ಆಚೆ ತಂದು ಬಾಗಿಲಿಗೆ ಅಡ್ಡ ಕೂತೆ. ಸುದ್ದಿ ಮುಟ್ಟಿ ಸಾಹೇಬರೇ ಬಂದರು. ಯಾರೋ ಟೀ ಕೊಟ್ಟು ಉಪಚರಿಸಿದರು. ಅಂಗಳದಾಚೆಯ ಹುಣಸೆ ಮರದಡಿ ನಿಂತೇ ಸಾಹೇಬರು ಕೂಗಿದರು: “ಕಟ್ಟಡ ಭದ್ರವಾಗಿದೆ! ನಾನೇ ಹೊಣೆ!”

“ಅಷ್ಟು ದೂರದಿಂದ ಅಂದ್ರೆ ಗೋಡೆಗೆ ಕೇಳಿಸ್ತದಾ ಸಾ?” ಎಂದಿತು ಅಜ್ಜಿ.

ಊರೆಲ್ಲ ನಕ್ಕಿತು. ನಾನು ಕುರ್ಚಿ ಒಯ್ದು ಸರಿಯಾಗಿ ಬಿರುಕಿನ ಬುಡಕ್ಕೆ ಹಾಕಿದೆ. “ಬನ್ನಿ ಸಾರ್, ಒಂದು ಟೀ ಕುಡಿಯೋ ಹೊತ್ತು ಇಲ್ಲಿ ಕೂತ್ಕೊಳ್ಳಿ. ನೀವು ಎದ್ದ ಮೇಲೆ ಮಕ್ಕಳನ್ನ ಒಳಕ್ಕೆ ಕಳಿಸ್ತೀವಿ.”

ಸಾಹೇಬರು ಕುರ್ಚಿ ನೋಡಿದರು. ಸೂರು ನೋಡಿದರು.

“ಮಕ್ಕಳು ಸಮುದಾಯ ಭವನದಲ್ಲಿ ಕೂರಲಿ. ಇವತ್ತಿಂದಲೇ. ಇದನ್ನ ಕೆಡವಿಸಿ ಹೊಸದು ಕಟ್ಟಿಸ್ತೀನಿ.”

“ಆಯ್ತು ಸಾರ್. ಟೀ?”

“ನಾನು ಟೀ ಬಿಟ್ಟು ಬಹಳ ವರ್ಷ ಆಯ್ತು” ಎಂದರು ಸಾಹೇಬರು, ಕೈಯಲ್ಲಿದ್ದ ಲೋಟದಿಂದ ಒಂದು ಗುಟುಕು ಹೀರಿ.