ಬಾಡಬೇಕಾದ ಬದನೆ ಗಿಡಗಳು

ಸಂಶೋಧನೆ ಅಂದರೆ ಗಂಭೀರವಾದ ಕೆಲಸ ಅಂತ ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ, ಸೇರಿದ ಮೊದಲ ವಾರ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮೈಸೂರಿನ ಒಂದು ಸರ್ಕಾರಿ ತೋಟದಲ್ಲಿ ನಾನು ಟೆಂಪರವರಿ ಸಹಾಯಕ. ಅಲ್ಲಿ ನಗು ಬರದ ದಿನವೇ ಕಮ್ಮಿ.

ಹೆಣ್ಣು ನೋಡಿದ್ದು

ಮಜ್ಜಿಗೆ ಹುಲ್ಲನ್ನು ಬೇಯಿಸಿ ಎಣ್ಣೆ ಇಳಿಸುವುದು ನನ್ನ ಕೆಲಸ. ಅದರ ನಿಂಬೆ ವಾಸನೆ ಮೈಗೆ ಹತ್ತಿದರೆ ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ. ಹೆಣ್ಣು ನೋಡಲು ಹೋದ ದಿನ ಮೂರು ಸಲ ಸ್ನಾನ ಮಾಡಿದ್ದೆ. ಆದರೂ ಹುಡುಗಿಯ ಅಜ್ಜಿ ಮೂಗು ಅರಳಿಸಿ, "ಹುಡುಗ ಅತ್ತರು ಬಳ್ಕೊಂಡು ಬಂದಿದಾನಲ್ಲೇ! ಶೋಕಿಲಾಲ!" ಅಂದರು.

"ಅಜ್ಜಿ, ಇದು ಆಫೀಸಿನ ಎಣ್ಣೆ. ಸೊಳ್ಳೆ ಹತ್ತಿರ ಬರಲ್ಲ," ಅಂದೆ.

ಹುಡುಗಿಯ ತಂದೆ ರಿಟೈರ್ಡ್ ಮೇಷ್ಟ್ರು. "ಅದಿರಲಿ, ಕೆಲಸ ಖಾಯಮ್ಮೋ?"

"ಇನ್ನೂ ಇಲ್ಲ ಸಾರ್."

"ಖಾಯಂ ಆಗಲಿ, ಅವತ್ತೇ ಲಗ್ನಪತ್ರಿಕೆ."

ಹುಡುಗಿ ನನಗೆ ಬಹಳ ಹಿಡಿಸಿಬಿಟ್ಟಿದ್ದಳು. ಅಜ್ಜಿ ಮಾತ್ರ, "ಸೊಳ್ಳೆಪರದೆ ಖರ್ಚು ಉಳೀತು, ಒಪ್ಕೊಳೋ," ಅಂತ ಮಗನಿಗೆ ಗದರುತ್ತಲೇ ಇದ್ದರು.

ಮಾಲಿಯ ಪ್ರಶ್ನೆ

ಆ ಬೇಸಿಗೆ ನಮ್ಮ ಸಾಹೇಬರಿಗೆ ಹೊಸ ಯೋಚನೆ ಬಂತು. ಈ ಎಣ್ಣೆಯನ್ನು ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸಿದರೆ ಗಿಡ ಬಾಯಾರಿಕೆ ತಡೆಯುತ್ತದೆಯೇ? ತಗಡಿನ ಚಪ್ಪರದ ಕೆಳಗೆ ಬದನೆ ಕುಂಡಗಳನ್ನು ಎರಡು ಸಾಲು ಇಟ್ಟೆವು. ಒಂದು ಸಾಲಿಗೆ ಎಣ್ಣೆ, ಇನ್ನೊಂದಕ್ಕೆ ಇಲ್ಲ. ಎರಡಕ್ಕೂ ತೊಟ್ಟು ನೀರು ಹಾಕಕೂಡದು. ಬೆಂಗಳೂರಿನ ದೊಡ್ಡ ಸಾಹೇಬರು ಬಂದು ನೋಡುವವರೆಗೆ ನಾವ್ಯಾರೂ ಅತ್ತ ಸುಳಿಯಕೂಡದು ಅಂತ ಕಟ್ಟಪ್ಪಣೆ, ಮೇಲೊಬ್ಬ ಕಾವಲುಗಾರ.

ನಮ್ಮ ಮುದಿ ಮಾಲಿ ಕೆಂಡವಾದ. "ಸರ್ಕಾರ ಸಂಬಳ ಕೊಟ್ಟು ಗಿಡ ಒಣಗಿಸ್ತದಾ?"

"ಇದು ಸಂಶೋಧನೆ ಕಣಯ್ಯ."

"ಅಂಗಾದ್ರೆ ನಮ್ಮಪ್ಪ, ತಾತ ಎಲ್ಲಾ ಅದನ್ನೇ ಮಾಡಿದ್ರು ಬುಡಿ. ನಮ್ಮ ಹೊಲಕ್ಕೆ ಯಾವತ್ತು ನೀರು ಬಂದಿತ್ತು?"

ದೊಡ್ಡ ಸಾಹೇಬರು ಬಂದರು

ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗ, "ಚಪ್ಪರದ ಕೆಳಗಿನ ಬದನೆ ಗಿಡ ಉಳಿದರೆ ನಾನು ಖಾಯಂ ಆದ ಹಾಗೇ ಸಾರ್," ಅಂದುಬಿಟ್ಟಿದ್ದೆ. ಯಾವ ಸಾಲಿನ ಗಿಡ ಅಂತ ಹೇಳಲಿಲ್ಲ. ನನ್ನ ಬುದ್ಧಿಗಿಷ್ಟು!

ದೊಡ್ಡ ಸಾಹೇಬರು ಬಂದ ದಿನ ಪೇಟ ಸುತ್ತಿ, ಕೋಟು ತೊಟ್ಟು ಮೇಷ್ಟ್ರೂ ಹಾಜರು. ಚಪ್ಪರದ ಕೆಳಗೆ ನೋಡುತ್ತೇವೆ, ಎಣ್ಣೆ ಹಾಕಿದ ಸಾಲು ಜೋತುಬಿದ್ದಿದೆ. ಹಾಕದ ಸಾಲು ಹಸಿರಾಗಿ ನಿಂತಿದೆ! ನಮ್ಮ ಸಾಹೇಬರ ಮುಖ ಕಪ್ಪಿಟ್ಟಿತು. ನನ್ನ ಮದುವೆ ಕೈತಪ್ಪಿತು ಅಂತ ಕಣ್ಣಲ್ಲಿ ನೀರೇ ಬಂತು.

ಹಸಿರು ಸಾಲಿನ ಮಣ್ಣು ಮುಟ್ಟಿದರೆ ಒದ್ದೆ! ಎಲ್ಲರೂ ಮಾಲಿಯನ್ನು ನೋಡಿದರು. "ಚಾಮುಂಡಮ್ಮನಾಣೆ ನಾನಲ್ಲ!"

ಆಗ ಮೇಷ್ಟ್ರು ಮುಂದೆ ಬಂದರು. "ನಾನೇ ಸ್ವಾಮಿ. ದಿನಾ ಬೆಳಗ್ಗೆ ಒಂದೊಂದು ದೊಡ್ಡ ಚೊಂಬು ನೀರು ತಂದು ಹಾಕಿದೆ."

"ಕಾವಲುಗಾರ ತಡೀಲಿಲ್ವಾ?" ನಮ್ಮ ಸಾಹೇಬರು ಗುಡುಗಿದರು.

ಕಾವಲುಗಾರ ತಲೆ ಕೆರೆದುಕೊಂಡ. "ಬೆಳಗಾಗೆದ್ದು ಚೊಂಬು ಹಿಡ್ಕೊಂಡು ಗಿಡದ ಮರೆಗೆ ಹೋಗೋರನ್ನ ಎಂಗೆ ಕೇಳಾದು ಬುದ್ಧಿ? ಮರ್ಯಾದಸ್ಥರು ಅಂತ ಮುಖ ತಿರುಗುಸ್ಕೊಂಡೆ."

"ಸರಿ ಮೇಷ್ಟ್ರೇ, ಒಂದೇ ಸಾಲಿಗೆ ಯಾಕೆ ಹಾಕಿದಿರಿ?"

"ಜಾಣ ಹುಡುಗರಿಗೆ ಪಾಠ ಯಾಕೆ? ದಡ್ಡರಿಗೆ ತಾನೇ ಹೇಳಿಕೊಡಬೇಕು! ಈಗ ಹಸಿರಾಗಿರೋ ಈ ಸಾಲು ಮೂರೇ ದಿನಕ್ಕೆ ಬಾಡಿತ್ತು. ಆ ಸಾಲು ಆಗ ನಳನಳಿಸ್ತಿತ್ತು."

ದೊಡ್ಡ ಸಾಹೇಬರು ಥಟ್ಟನೆ ತಿರುಗಿದರು. "ಅಂದ್ರೆ ಎಣ್ಣೆ ಹಾಕಿದ್ದು ಮೂರು ದಿನ ಆದ್ಮೇಲೂ ಚೆನ್ನಾಗಿತ್ತಾ?"

"ದೇವರಾಣೆ!"

ಅವರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನಮ್ಮ ಸಾಹೇಬರಿಗೆ ಹೇಳಿದರು: "ಇದರಲ್ಲಿ ಏನೋ ಇದೆ, ಮತ್ತೆ ಮೊದಲಿಂದ ಮಾಡಿ. ಆದರೆ ಅದಕ್ಕೂ ಮುಂಚೆ ಈ ಹುಡುಗನನ್ನ ಖಾಯಂ ಮಾಡಿಸಿ. ಇಲ್ಲಾಂದ್ರೆ ಇವನ ಮಾವ ನಮ್ಮ ತೋಟದಲ್ಲಿ ಒಂದು ಗಿಡಾನೂ ಬಾಡೋಕೆ ಬಿಡಲ್ಲ ಕಣ್ರೀ!"