ವಿಭೂತಿ ಹಚ್ಚಿದ ಬಂಡಲ್

ಒಂದು ಒಗಟು ಹೇಳ್ತೀನಿ. ಕೈಲೆ ಎಣಿಸಿದ್ರ ನೂರು, ಮಿಷಿನ್ಯಾಗ ಹಾಕಿದ್ರ ತೊಂಬತ್ತೆಂಟು, ತಿರುಗಿ ಹಾಕಿದ್ರ ನೂರಾ ಒಂದು. ಏನದು? ಬಿಡ್ರಿ, ನಿಮಗ ಬರಂಗಿಲ್ಲ. ಕಲಬುರಗಿ ಜಗತ್ ಸರ್ಕಲ್‌ನ ಬ್ಯಾಂಕಿನ ಕ್ಯಾಶಿಯರ್ ಸಾಹೇಬರಿಗೇ ಬರಲಿಲ್ಲ. ನಾ ರೊಕ್ಕ ಮುಟ್ಟಿದ ದಿನ ಇಂಥದ್ದೊಂದು ಆಗೇ ಆಗ್ತದ.

ಯಾರ ಹೆಸರು?

ಸಾಲಿ ಅರ್ಧಕ್ಕ ಬಿಟ್ಟು ಕಮಲಾಪುರದ ಬಾಳಿಹಣ್ಣಿನ ಮಂಡಿಯೊಳಗ ಕೆಲಸಕ್ಕ ಹತ್ತಿದೆ. ಐನೂರರ ನೂರು ನೋಟು ಜೋಡಿಸಿ, ಕಾಗದದ ಪಟ್ಟಿ ಸುತ್ತಿ, ಅದರ ಮ್ಯಾಲ ತಾರೀಖು, ಹೆಸರು ಬರದು ಕಲಬುರಗಿ ಬ್ಯಾಂಕಿಗೆ ಒಯ್ಯೋದು ನನ್ನ ಪಾಲಿಗೆ ಬಂತು. ನೋಟು ಕಮ್ಮಿ ಬಿದ್ರ ಪಟ್ಟಿ ಮ್ಯಾಲ ಹೆಸರಿದ್ದವನ ಪಗಾರ ಕಟ್ ಅಂತ ಸಾವ್ಕಾರ್ರು ತಾಕೀತು ಮಾಡಿದ್ರು. ನಾ ಎಲ್ಲಾ ಪಟ್ಟಿ ಮ್ಯಾಲೂ ಸಾವ್ಕಾರ್ರ ಹೆಸರೇ ಬರದೆ.

"ನನ್ನ ಹೆಸರು ಯಾಕ ಬರದೀಲೇ?" ಅಂದ್ರು.

"ರೊಕ್ಕ ನಿಮ್ಮದಲ್ರೀ ಸಾವ್ಕಾರ್ರ? ನನ್ನ ಹೆಸರು ನೋಡಿ ನನ್ನ ಖಾತೇಕ್ಕ ತುಂಬಿಬಿಟ್ರ?"

ಸಾವ್ಕಾರ್ರು ಒಂದು ಬಾಳಿಹಣ್ಣು ತಿನ್ನೋತನ ವಿಚಾರ ಮಾಡಿ ಎರಡೂ ಬರೆಸಿದ್ರು. ರೊಕ್ಕ ಅವರದು, ತಪ್ಪು ನಂದು.

ಬರಿಹಣಿ

ಸಾವ್ಕಾರ್ರ ಅವ್ವಾರ ಪ್ರಕಾರ ಲಕ್ಷ್ಮಿ ಬರಿಹಣಿಲೆ ಮನಿ ಬಿಟ್ಟು ಹೋಗಬಾರದು. ಒಂದಿನ ನೋಟಿನ ಬಂಡಲ್‌ಗೋಳಿಗೆ ದಪ್ಪಗ ವಿಭೂತಿ ಎಳದು ಕಳಿಸಿದ್ರು. ಬ್ಯಾಂಕಿನ್ಯಾಗ ಮಿಷಿನ್ ಗರ್ ಅಂತು, ಬಿಳಿ ಧೂಳು ಎದ್ದಿತು. ತೊಂಬತ್ತೆಂಟು. ತಿರುಗಿ ಹಾಕಿದ್ರ ನೂರಾ ಒಂದು. ಸಾಹೇಬರು ಕೈಲೆ ಎಣಿಸಾಕ ಹತ್ತಿದ್ರು, ಎಪ್ಪತ್ತಕ್ಕ ಸೀನು ಬಂತು, ಮತ್ತ ಒಂದರಿಂದ ಶುರು. ಕಡೀಗೆ ನೂರು. ಮಿಷಿನ್ ಮಾತ್ರ ಮತ್ತ ತೊಂಬತ್ತೆಂಟೇ ಅಂತು.

ಮಿಷಿನ್ ಸುಳ್ಳು ಹೇಳಂಗಿಲ್ಲ, ಎರಡು ಕಮ್ಮಿ ಅಂದ್ರು ಸಾಹೇಬರು. ಅಂದ್ರ ನನ್ನ ಪಗಾರದಾಗ ಸಾವಿರ ರೂಪಾಯಿ ಖಲಾಸ್.

"ಹಂಗಾದ್ರ ನೂರಾ ಒಂದು ಅಂದಾಗ ಹೆಚ್ಚಿಗಿ ಬಂತಲ್ರಿ, ಆ ನೋಟು ನನಗ ಕೊಡ್ರಿ," ಅಂದೆ.

ಸಾಹೇಬರು ಪಾಪ, ಡ್ರಾವರ್‌ನ್ಯಾಗ ಹುಡುಕಿದ್ರು.

ಅವ್ವಾರು ಬಂದ್ರು

ಫೋನ್ ಹೋಯ್ತು. ಸಾವ್ಕಾರ್ರು ಅವ್ವಾರನ್ನ ಕರಕೊಂಡು ಕಮಲಾಪುರದಿಂದ ಬಂದ್ರು. ತಪ್ಪು ವಿಭೂತಿದು ಅಂದ್ರ ಅವ್ವ ಸಿಟ್ಟಾಗ್ತಾಳ. ಅದಕ್ಕ ಸಾವ್ಕಾರ್ರು ಪಗಾರ ಕಟ್ ಮಾಡೋ ಹಂಗ ನನ್ನ ಕಡೆ ನೋಡಿದ್ರು. ನಾ ಅವ್ವಾರ ಕಡೆ ನೋಡಿದೆ. ಅವ್ವಾರು ಮಿಷಿನ್ ಕಡೆ ನೋಡಿದ್ರು.

"ನೋಟಿಗೆಲ್ಲಾ ಹಚ್ಚೀನಿ, ಇದಕ್ಕ ಹಚ್ಚಿಲ್ಲ. ಹೊಟ್ಟಿಕಿಚ್ಚು ಪಡಾಕತ್ತದ," ಅಂತ ಚೀಲದಾಗಿನ ವಿಭೂತಿ ಗಟ್ಟಿ ತೆಗೆದು ಮಿಷಿನ್‌ಗೂ ಮೂರು ಬೆರಳು ಎಳದ್ರು. ಸಾಹೇಬರು ಬಂಡಲ್ ಹಾಕಿದ್ರು. ನೂರು. ಮತ್ತ ಹಾಕಿದ್ರು. ನೂರು. ಅವತ್ತಿಂದ ಸಾಹೇಬರು ದಿನಾ ಮುಂಜಾನೆ ಮಿಷಿನ್‌ಗೆ ವಿಭೂತಿ ಹಚ್ಚೇ ಕೌಂಟರ್ ತೆಗೀತಾರ.

ಈ ಕೊನೀದು ನಾನೇ ಹೊಂದಿಸಿ ಹೇಳಿದ್ದು. ಅವ್ವಾರು ಬ್ಯಾಂಕಿಗೆ ಬರಲೇ ಇಲ್ಲ. ಸಾಹೇಬರು ನೋಟು ಝಾಡಿಸಿ, ಮಿಷಿನ್ ಒರಸಿ ಹಾಕಿದ್ರು. ನೂರು ಬಂತು, ನನ್ನ ಸಾವಿರ ಉಳೀತು. ಆದ್ರ ಇಷ್ಟು ಸಪ್ಪಗ ಹೇಳಿದ್ರ ಹೋಟೆಲ್ಯಾಗ ನನಗ ಯಾರೂ ಚಹಾ ಕುಡಿಸಂಗಿಲ್ಲ.