ಬೀನ್ಸ್ ಎಲೆಗೆ ಕ್ಲಿಪ್ಪು ಹಾಕಿದ ಮಹಾಶಯ

"ಗಿಡ ನೋಡಿಕೊಳ್ಳೋದೇನು ಬ್ರಹ್ಮವಿದ್ಯೆಯೇ? ನೀನು ನಿಶ್ಚಿಂತೆಯಿಂದ ಹೋಗಿ ಬಾ!" ಎಂದು ಎದೆ ತಟ್ಟಿಕೊಂಡು ಹೆಂಡತಿಯನ್ನು ಶಾಲೆಗೆ ಕಳಿಸಿದೆ.

ಅವಳು ವಿಜ್ಞಾನದ ಟೀಚರ್. ತರಗತಿಯಲ್ಲಿ ತೋರಿಸಲೆಂದು ತಾರಸಿಯ ಮೇಲೆ ಸಾಲು ಕುಂಡಗಳಲ್ಲಿ ಬೀನ್ಸ್ ಬೆಳೆಸಿದ್ದಳು. ಆ ಗಿಡಗಳಿಗಿದ್ದ ಉಪಚಾರದಲ್ಲಿ ಕಾಲುಭಾಗ ನನಗಿದ್ದಿದ್ದರೆ ನಾನೂ ಚಿಗುರುತ್ತಿದ್ದೆ!

"ನೀರು ಹಾಕಿ, ಸಾಕು. ತಲೆ ಓಡಿಸೋಕೆ ಹೋಗ್ಬೇಡಿ" ಎಂದಿದ್ದಳು. ತಲೆ ಇದ್ದವನು ಓಡಿಸದೆ ಇರುತ್ತಾನೆಯೇ?

ಮಧ್ಯಾಹ್ನ ತಾರಸಿಗೆ ಹೋದರೆ ನೋಡುವುದೇನು! ಬೆಳಗ್ಗೆ ಅಂಗೈಯಂತೆ ಹರಡಿಕೊಂಡಿದ್ದ ಎಲೆಗಳೆಲ್ಲ ನೆಟ್ಟಗೆ ನಿಂತು ಸೂರ್ಯನಿಗೆ ಬರೀ ಅಂಚು ತೋರಿಸುತ್ತಿವೆ! ಬಿಸಿಲಿಲ್ಲದೆ ಇವು ಉಣ್ಣುವುದಾದರೂ ಏನನ್ನು? ಉಪವಾಸ ಬಿದ್ದು ಸತ್ತರೆ ನನ್ನ ಗತಿ?

ಒಣಹಾಕಿದ್ದ ಬಟ್ಟೆಗಳನ್ನೆಲ್ಲ ನೆಲಕ್ಕೆ ಕೆಡವಿದೆ. ಕ್ಲಿಪ್ಪು, ಕಡ್ಡಿ, ದಾರ ಹಿಡಿದು ಒಂದೊಂದು ಎಲೆಯನ್ನೂ ಎಳೆದು, ಅಗಲಿಸಿ, ಬಿಸಿಲಿಗೆ ಮುಖಮಾಡಿಸಿ ಬಿಗಿದೆ. ಕೊನೆಯ ಕುಂಡಕ್ಕೆ ಬರುವಷ್ಟರಲ್ಲಿ ಕ್ಲಿಪ್ಪು ಮುಗಿಯಿತು. ಆ ಗಿಡದ ಪುಣ್ಯ!

ಸಂಜೆ ಹೆಂಡತಿ ತಾರಸಿ ಹತ್ತಿದಳು. ಎಲೆಗಳು ಬಿಳಿಚಿ, ಅಲ್ಲಲ್ಲಿ ಸುಟ್ಟ ಕಾಗದದಂತಾಗಿದ್ದವು.

"ಇದೇನ್ರೀ ಇದು?"

"ಚಿಕಿತ್ಸೆ ಕಣೇ! ಬಿಸಿಲು ಬೇಡ ಅಂತ ಮುಷ್ಕರ ಹೂಡಿದ್ವು."

"ಮುಷ್ಕರ ಅಲ್ಲ, ಉಪಾಯ! ಬಿಸಿಲು ಅತಿಯಾದ್ರೆ ಈ ಎಲೆ ನೆಟ್ಟಗೆ ನಿಂತು ತನ್ನನ್ನ ತಾನೇ ಕಾಪಾಡ್ಕೊಳ್ಳುತ್ತೆ. ಎಲೆ ಬುಡದಲ್ಲಿ ಸಣ್ಣ ಗಂಟಿದೆ ನೋಡಿ, ಅದರಿಂದಲೇ ತಿರುಗೋದು. ಬಿಸಿಲು ಇಳಿದ್ರೆ ತಾನೇ ಅಗಲವಾಗುತ್ತೆ. ನಾಳೆ ಮಕ್ಕಳಿಗೆ ಇದನ್ನೇ ತೋರಿಸ್ಬೇಕಿತ್ತು. ನೀವು ಪಾಪ ಅದರ ಕೈಕಾಲು ಕಟ್ಟಿ ಬಾಣಲೆಗೆ ಹಾಕಿದ್ದೀರಿ!"

ಅವಳು ಕುಂಡದ ಮುಂದೆ ಕುಳಿತಳು. ಒಂದೊಂದೇ ಕ್ಲಿಪ್ಪು ತೆಗೆಯತೊಡಗಿದಳು. ಒಂದು ಎಲೆ ಅವಳ ಬೆರಳಲ್ಲೇ ಪುಡಿಯಾಯಿತು. ಇನ್ನೂ ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಪುಡಿ ಕಂಡು ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

"ಏನಾದ್ರೂ ಸಹಾಯ ಮಾಡ್ಲಾ?" ಎಂದೆ ಮೆಲ್ಲಗೆ.

"ನಾಳೆ ಶಾಲೆಗೆ ಕುಂಡ ಹೊತ್ಕೊಂಡು ಬನ್ನಿ. ದಾರೀಲಿ ತಲೆ ಓಡಿಸ್ಬೇಡಿ!"

ಮರುದಿನ ಎರಡು ಕುಂಡ ಹೊತ್ತು ತರಗತಿಗೆ ಹೋದೆ: ಪಾರಾದದ್ದೊಂದು, ಬೆಂದದ್ದೊಂದು. ಬಾಗಿಲ ಬಳಿ ಬೆವರೊರೆಸಿಕೊಳ್ಳುತ್ತ ನಿಂತೆ. ಮಕ್ಕಳು ಮುಗಿಬಿದ್ದು ನೋಡಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬೆಂದ ಗಿಡ ಕಂಡು ಮರುಗಿದಳು:

"ಅಯ್ಯೋ ಟೀಚರ್, ಇದಕ್ಕೆ ಯಾವ ರೋಗ ತಗುಲಿದೆ?"

ನನ್ನವಳು ಸೀಮೆಸುಣ್ಣದಿಂದ ನೇರವಾಗಿ ನನ್ನತ್ತ ತೋರಿಸಿದಳು.

"ಅಗೋ, ಬಾಗಿಲಲ್ಲಿ ನಿಂತಿದೆಯಲ್ಲ, ಅದೇ!"